ಪ್ಲಗ್ ಕಿತ್ತರೆ ಕಂಪ್ಯೂಟರ್ ತಾರೀಕು ಮರೆಯುತ್ತದೆ, ಯಾಕೆ?

ಪ್ರಶ್ನೆ: ಪೊನ್ನಂಪೇಟೆ ಹತ್ತಿರ ನಮ್ಮ ತೋಟ. ಲೆಕ್ಕ ಬರೆಯೋಕೆ ಹಳೇ ಡೆಸ್ಕ್‌ಟಾಪ್ ಇದೆ. ಮಳೆಗಾಲ ಶುರುವಾದಾಗಿನಿಂದ ಬೆಳಿಗ್ಗೆ ಆನ್ ಮಾಡಿದರೆ ತಾರೀಕು 2012ಕ್ಕೆ ಹೋಗಿರುತ್ತದೆ. ಎಫ್1 ಒತ್ತಿ ಅನ್ನುತ್ತದೆ. ಬ್ಯಾಂಕಿನ ವೆಬ್‌ಸೈಟೂ ತೆರೆಯಲ್ಲ. ಹೊಸದೇ ತಗೋಬೇಕಾ?

ಉತ್ತರ: ಬೇಡ. ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸೆಲ್ ಮುಗಿದಿದೆ, ಅಷ್ಟೇ ಇರಬೇಕು.

ಕಂಪ್ಯೂಟರ್ ಆಫ್ ಆದರೂ ಒಳಗಿನ ಗಡಿಯಾರ ಓಡುತ್ತಲೇ ಇರುತ್ತದೆ. ಪ್ಲಗ್ ಹಾಕಿ ಗೋಡೆಯ ಸ್ವಿಚ್ ಆನ್ ಇದ್ದರೆ ಅದಕ್ಕೆ ಬೇಕಾದ ಚೂರು ಕರೆಂಟ್ ಎಸ್‌ಎಂಪಿಎಸ್‌ನಿಂದಲೇ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಸಿಗುತ್ತದೆ. ಪ್ಲಗ್ ಕಿತ್ತರೆ ಸೆಲ್ ಒಂದೇ ಗತಿ. ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕೀಳೋದು ನಮ್ಮ ಕಡೆ ರೂಢಿ ಅಲ್ವಾ? ಹಾಗಾಗಿ ಬೇಸಿಗೆಯಲ್ಲಿ ಹೇಗೋ ತಳ್ಳಿದ ಸೆಲ್ ಮಳೆಗಾಲದಲ್ಲಿ ಕೈ ಕೊಡುತ್ತದೆ. ಹಾಗಂತ ಪ್ಲಗ್ ಕೀಳೋದನ್ನು ಬಿಡಬೇಡಿ. ಸಿಡಿಲಿಗೆ ಬೋರ್ಡೇ ಸುಟ್ಟರೆ ಖರ್ಚು ಎಷ್ಟೋ ಪಟ್ಟು ಜಾಸ್ತಿ.

ಹಳೇ ಕಂಪ್ಯೂಟರ್‌ಗಳಲ್ಲಿ ಬಯಾಸ್ (ವಿಂಡೋಸ್‌ಗೂ ಮೊದಲು ಓಡಿ ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ) ಸೆಟ್ಟಿಂಗೂ ಇದೇ ಸೆಲ್ ಆಸರೆಯಲ್ಲಿ ಉಳಿಯುತ್ತದೆ. ಅದು ಅಳಿಸಿಹೋದಾಗಲೇ ಎಫ್1 ಕೇಳೋದು. ವೆಬ್‌ಸೈಟುಗಳ ಭದ್ರತಾ ಸರ್ಟಿಫಿಕೇಟಿಗೆ ಇಂತಿಷ್ಟು ದಿನ ಅಂತ ಅವಧಿ ಇರುತ್ತದೆ. ನಿಮ್ಮ 2012ರ ತಾರೀಕು ಅದರೊಳಗೆ ಬರಲ್ಲ, ಬ್ರೌಸರ್ ಬಾಗಿಲು ಹಾಕುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಸಮಯ ಸರಿ ಮಾಡಿ, ಸಿಡಿಲಿಲ್ಲದ ಒಂದು ರಾತ್ರಿ ಪ್ಲಗ್ ಹಾಕೇ ಬಿಡಿ. ಬೆಳಿಗ್ಗೆ ಸರಿಯಿದ್ದು, ಪ್ಲಗ್ ಕಿತ್ತ ರಾತ್ರಿ ಮಾತ್ರ ತಪ್ಪಿದರೆ ಸೆಲ್‌ನದೇ ಕೆಲಸ. ಕರೆಕ್ಟಾಗಿ ಐದೂವರೆ ಗಂಟೆ ಹಿಂದಿದ್ದರೆ ಮಾತ್ರ ಸೆಲ್ ಮುಟ್ಟಬೇಡಿ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಂಗಳೂ ಇದ್ದಾಗ ಆಗುವ ಗೊಂದಲ ಅದು. ಒಳಗಿನ ಗಡಿಯಾರದಲ್ಲಿ ಲಿನಕ್ಸ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಗ್ರೀನಿಚ್ ಸಮಯ ಬರೆದಿಟ್ಟರೆ ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಆರ್2032 ಅಂತ ಕೇಳಿ. 3 ವೋಲ್ಟ್, 20 ಮಿಲಿಮೀಟರ್ ಅಗಲ, 3.2 ದಪ್ಪ. ಸಿಆರ್2025 ಕೊಟ್ಟರೆ ಬೇಡ ಅನ್ನಿ. ಅಗಲ ಅಷ್ಟೇ ಇದ್ದರೂ ತೆಳು, ಸಡಿಲವಾಗಿ ಕೂರುತ್ತದೆ. ಪ್ಯಾಕೆಟ್ ಮೇಲಿನ ತಾರೀಕನ್ನೂ ನೋಡಿ.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ ಆಮೇಲೆ ಕೈ ಹಾಕಿ. ಪಕ್ಕದ ಕ್ಲಿಪ್ ಒತ್ತಿದರೆ ಸೆಲ್ ತಾನೇ ಮೇಲೇಳುತ್ತದೆ. ಪ್ಲಸ್ ಗುರುತು ಸಾಮಾನ್ಯವಾಗಿ ಮೇಲಕ್ಕೆ. ಹಳೆಯದು ಹೇಗಿತ್ತೋ ಹಾಗೇ ಕೂರಿಸಿ. ನಮ್ಮ ಥಂಡಿಗೆ ಕ್ಲಿಪ್ ಮೇಲೆ ಹಸಿರು ಕಿಲುಬು ಹಿಡಿದಿರಬಹುದು, ಒಣಬಟ್ಟೆಯಲ್ಲಿ ಒರೆಸಿ. ಹಳೇ ಸೆಲ್ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಆಮೇಲೆ ಬಯಾಸ್‌ಗೆ ಹೋಗಿ ತಾರೀಕು, ಬೂಟ್ ಆರ್ಡರ್ (ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕು ಅನ್ನುವ ಪಟ್ಟಿ) ಸರಿ ಮಾಡಿ. ವಿಂಡೋಸ್ ಶುರುವಾಗದೆ ನೀಲಿ ಪರದೆ ಬಂದರೆ ಬಯಾಸ್‌ನಲ್ಲೇ ಸಾಟಾ ಮೋಡ್ (ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ವಿಧಾನ) ನೋಡಿ. ಎಎಚ್‌ಸಿಐ ಇದ್ದದ್ದು ಐಡಿಇ ಆಗಿರುವ ಸಾಧ್ಯತೆ ಇದೆ. ಎಲ್ಲ ಸರಿಹೋದ ಮೇಲೆ ಆ ಪರದೆಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸ ಸೆಲ್ ಹಾಕಿದರೂ ಮರೆವು ನಿಲ್ಲದಿದ್ದರೆ, ಬಯಾಸ್ ಸೆಟ್ಟಿಂಗ್ ಅಳಿಸುವ ಪುಟ್ಟ ಜಂಪರ್ (ಬೋರ್ಡಿನ ಎರಡು ಪಿನ್ ಜೋಡಿಸುವ ಟೋಪಿ) ತಪ್ಪು ಪಿನ್‌ಗಳ ಮೇಲೆ ಕೂತಿದೆಯಾ ನೋಡಿ. ಅದೂ ಸರಿಯಿದ್ದರೆ ಬೋರ್ಡನ್ನು ರಿಪೇರಿಯವರಿಗೆ ತೋರಿಸಿ.