ಝೆನೋಪಸ್: ವಿಚಿತ್ರ ಪಾದದ ಕಪ್ಪೆ

ಜೀವಶಾಸ್ತ್ರದ ಸುದ್ದಿ ಓದುವವರಿಗೆ ‘ಝೆನೋಪಸ್’ ಎಂಬ ಪದ ಒಂದಲ್ಲ ಒಂದು ದಿನ ಎದುರಾಗುತ್ತದೆ. ಇದು ಕಪ್ಪೆಗಳ ಒಂದು ಕುಲದ ಹೆಸರು. ಗ್ರೀಕ್ ಭಾಷೆಯಲ್ಲಿ ‘ಝೆನೋಸ್’ ಎಂದರೆ ಹೊರಗಿನದು, ವಿಚಿತ್ರವಾದದ್ದು. ‘ಪೌಸ್’ ಎಂದರೆ ಪಾದ. ಈ ಕಪ್ಪೆಯ ಹಿಂಗಾಲುಗಳಲ್ಲಿ ಮೂರು ಮೂರು ಬೆರಳಿಗೆ ಚೂಪಾದ ಕಪ್ಪು ಉಗುರುಗಳಿವೆ. ಉಗುರಿರುವ ಕಪ್ಪೆ ಅಪರೂಪ ಅಲ್ವಾ? ಹಾಗಾಗಿ ‘ವಿಚಿತ್ರ ಪಾದ’ ಎಂಬ ಹೆಸರು ಬಂತು.

ಲ್ಯಾಬ್‌ಗಳಲ್ಲಿ ಸುಮ್ನೆ ಝೆನೋಪಸ್ ಅಂದರೆ ಹೆಚ್ಚಾಗಿ ‘ಝೆನೋಪಸ್ ಲೇವಿಸ್’ ಎಂದೇ ಅರ್ಥ. ಲೇವಿಸ್ ಎಂದರೆ ನುಣುಪು. ಆಫ್ರಿಕಾ ಖಂಡದ ದಕ್ಷಿಣ ಭಾಗದ ಕೆರೆ, ಹೊಂಡಗಳು ಇದರ ಮನೆ. ಬೆಳೆದ ಮೇಲೂ ನೀರು ಬಿಟ್ಟು ಬರುವುದು ಕಡಿಮೆ. ನಾಲಿಗೆ ಇಲ್ಲ. ಸಿಕ್ಕಿದ್ದನ್ನು ಮುಂಗಾಲಿನಿಂದ ಬಾಯಿಗೆ ತುರುಕಿಕೊಳ್ಳುತ್ತದೆ.

ಹೆಸರು ಪಾದದಿಂದ ಬಂದರೂ ಇದಕ್ಕೆ ಬೆಲೆ ಬಂದದ್ದು ಮೊಟ್ಟೆಯಿಂದ. ಕಪ್ಪೆಯ ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ. ಝೆನೋಪಸ್‌ನ ಮರಿ ತಾಯಿಯ ಹೊಟ್ಟೆಯೊಳಗೂ ಬೆಳೆಯುವುದಿಲ್ಲ. ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಬಾಲ ಅಲ್ಲಾಡಿಸುವ ಗೊದಮೊಟ್ಟೆಯಾಗುವುದೆಲ್ಲ ನೀರಿನಲ್ಲೇ, ನಮ್ಮ ಕಣ್ಣೆದುರೇ. ಮೊಟ್ಟೆಯ ಅಗಲ 1 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮನುಷ್ಯರ ಅಂಡಾಣುವಿಗಿಂತ ಸುಮಾರು ಹತ್ತು ಪಟ್ಟು ಅಗಲ. ಹುಟ್ಟು ಎಂಬ ಗುಟ್ಟನ್ನು ಇಷ್ಟು ಬಯಲಲ್ಲಿ ತೋರಿಸುವ ಪ್ರಾಣಿಗಳು ಕಡಿಮೆ.

ಇದು ವಿಜ್ಞಾನಿಗಳಿಗೆ ಮಾತ್ರ ಹೊಳೆದ ವಿಷಯವಲ್ಲ. ಪ್ರಾಚೀನ ಈಜಿಪ್ಟಿನವರು ಕಪ್ಪೆಯನ್ನು ಹುಟ್ಟಿನ ಜೊತೆಗೇ ಸೇರಿಸಿ ನೋಡಿದರು. ಅವರ ಹೆರಿಗೆಯ ದೇವತೆ ಹೆಕೆಟ್‌ಗೆ ಕಪ್ಪೆಯ ತಲೆ. ಹೆಂಗಸರು ಕಪ್ಪೆ ಆಕಾರದ ತಾಯಿತ ಕಟ್ಟಿಕೊಳ್ಳುತ್ತಿದ್ದರು. ಅವರ ಚಿತ್ರಲಿಪಿಯಲ್ಲಿ ಒಂದು ಲಕ್ಷ ಎಂಬ ಸಂಖ್ಯೆಗೆ ಬಳಸಿದ ಗುರುತು ಗೊದಮೊಟ್ಟೆ! ನೀರಿನಂಚಿನಲ್ಲಿ ಕಪ್ಪಗೆ ಮುತ್ತಿಕೊಂಡ ಗೊದಮೊಟ್ಟೆಗಳನ್ನು ಒಮ್ಮೆ ನೋಡಿದವರಿಗೆ ಆ ಗುರುತನ್ನು ಬಿಡಿಸಿ ಹೇಳಬೇಕಿಲ್ಲ.

ಸಾವಿರಾರು ವರ್ಷಗಳ ನಂತರ ಹೆರಿಗೆ ಮತ್ತು ಕಪ್ಪೆಯ ನಂಟು ಬೇರೆ ರೂಪದಲ್ಲಿ ಮರಳಿ ಬಂತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ. 1930ರ ಹೊತ್ತಿಗೆ ಲ್ಯಾನ್ಸೆಲಾಟ್ ಹಾಗ್ಬೆನ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಕೇಪ್‌ಟೌನ್‌ನಲ್ಲಿದ್ದರು. ಎತ್ತಿನ ಪಿಟ್ಯುಟರಿ (ಮಿದುಳಿನ ಬುಡದಲ್ಲಿರುವ, ಹಾರ್ಮೋನ್ ಸ್ರವಿಸುವ ಗ್ರಂಥಿ) ಸಾರವನ್ನು ಹೆಣ್ಣು ಝೆನೋಪಸ್‌ಗೆ ಚುಚ್ಚಿದರೆ ಅದು ಮೊಟ್ಟೆ ಇಡುವುದನ್ನು ಕಂಡರು. ಗರ್ಭಿಣಿಯ ಮೂತ್ರದಲ್ಲೂ ಇದೇ ಕೆಲಸ ಮಾಡುವ ಹಾರ್ಮೋನ್ ಇರುತ್ತದೆ. ಆ ಮೂತ್ರವನ್ನು ಕಪ್ಪೆಗೆ ಚುಚ್ಚಿದರೆ ಒಂದು ದಿನದೊಳಗೆ ನೀರಿನಲ್ಲಿ ಮೊಟ್ಟೆಗಳು ಕಾಣುತ್ತಿದ್ದವು. ಕಂಡರೆ ಆಕೆ ಗರ್ಭಿಣಿ. ಅದಕ್ಕೂ ಮೊದಲಿನ ಪರೀಕ್ಷೆಯಲ್ಲಿ ಇಲಿಗಳನ್ನು ಕೊಂದು, ಕೊಯ್ದು ನೋಡಬೇಕಿತ್ತು. ಕಪ್ಪೆ ಬದುಕಿಯೇ ಇರುತ್ತಿತ್ತು, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಸಿಗುತ್ತಿತ್ತು. 1960ರ ದಶಕದವರೆಗೂ ಹಲವು ದೇಶಗಳಲ್ಲಿ ಹೀಗೇ ನಡೆಯಿತು. ಎಷ್ಟೋ ತಾಯಂದಿರಿಗೆ ಸಿಹಿಸುದ್ದಿಯನ್ನು ಮೊದಲು ಹೇಳಿದ್ದು ಒಂದು ಕಪ್ಪೆ.

ಹೀಗೆ ಊರೂರಿನ ಲ್ಯಾಬ್ ಸೇರಿದ ಕಪ್ಪೆ ಮುಂದೆ ಬೇರೆ ಪ್ರಯೋಗಗಳಿಗೂ ಒದಗಿತು. ಬ್ರಿಟಿಷ್ ವಿಜ್ಞಾನಿ ಜಾನ್ ಗರ್ಡನ್ ಆಕ್ಸ್‌ಫರ್ಡ್‌ನಲ್ಲಿ ಗೊದಮೊಟ್ಟೆಯ ಕರುಳಿನ ಕೋಶದಿಂದ ಕೋಶಕೇಂದ್ರ (ವಂಶವಾಹಿಗಳಿರುವ ನ್ಯೂಕ್ಲಿಯಸ್) ತೆಗೆದರು. ತನ್ನ ಕೋಶಕೇಂದ್ರ ನಾಶವಾದ ಮೊಟ್ಟೆಯೊಳಗೆ ಅದನ್ನಿಟ್ಟರು. ಆ ಮೊಟ್ಟೆ ಗೊದಮೊಟ್ಟೆಯಾಗಿ ಬೆಳೆಯಿತು. ಅಂದರೆ, ಕರುಳಿನ ಕೋಶವಾಗಿ ಬದಲಾದ ಮೇಲೂ ಅದರೊಳಗೆ ಪೂರ್ತಿ ಪ್ರಾಣಿಯನ್ನು ಕಟ್ಟುವ ಮಾಹಿತಿ ಹಾಗೇ ಉಳಿದಿರುತ್ತದೆ. 1962ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2012ರಲ್ಲಿ ನೊಬೆಲ್ ಬಂತು. 50 ವರ್ಷ ಕಾಯಬೇಕಾಯಿತು.

1992ರಲ್ಲಿ ಈ ಕಪ್ಪೆಗಳು ಎಂಡೆವರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋದವು. ಅಲ್ಲಿಟ್ಟ ಮೊಟ್ಟೆಗಳಿಂದ ಗೊದಮೊಟ್ಟೆಗಳು ಹೊರಬಂದವು. 2020ರಲ್ಲಿ ಸುದ್ದಿಯಾದ ‘ಝೆನೋಬಾಟ್’ ಎಂಬ ಪದವೂ ಇದರಿಂದಲೇ ಬಂದದ್ದು. ಅನ್ಯಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಝೆನೋಪಸ್ ಭ್ರೂಣದ ಕೋಶಗಳನ್ನು ಜೋಡಿಸಿ ಮಾಡಿದ, ತಾನಾಗಿ ಚಲಿಸುವ ಪುಟ್ಟ ಮುದ್ದೆಗಳವು.

ಇನ್ನು ಇದರ ಚರ್ಮ. ಮೈಕೆಲ್ ಝಾಸ್ಲಾಫ್ ಎಂಬ ಅಮೆರಿಕದ ವಿಜ್ಞಾನಿ ಮೊಟ್ಟೆಗಾಗಿ ಈ ಕಪ್ಪೆಗಳ ಹೊಟ್ಟೆ ಕೊಯ್ದು, ಹೊಲಿದು, ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರು ಕೊಳಕು. ಆದರೂ ಗಾಯ ಕೀವಾಗುತ್ತಿರಲಿಲ್ಲ. ಯಾಕೆ ಎಂದು ಹುಡುಕಿದಾಗ ಚರ್ಮದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪುಟ್ಟ ಪ್ರೋಟೀನ್ ತುಣುಕುಗಳು ಸಿಕ್ಕವು. 1987ರಲ್ಲಿ ಅವಕ್ಕೆ ‘ಮಗೈನಿನ್’ ಎಂದು ಹೆಸರಿಟ್ಟರು. ಹೀಬ್ರೂ ಭಾಷೆಯಲ್ಲಿ ‘ಮಗೇನ್’ ಎಂದರೆ ಗುರಾಣಿ.

ಕಳವಳದ ಸಂಗತಿಯೂ ಇದೆ. ಲ್ಯಾಬ್‌ಗಳಿಂದ, ಸಾಕುವವರಿಂದ ತಪ್ಪಿಸಿಕೊಂಡ, ಬಿಟ್ಟುಬಿಟ್ಟ ಝೆನೋಪಸ್‌ಗಳು ಚಿಲಿ, ಫ್ರಾನ್ಸ್, ಕ್ಯಾಲಿಫೋರ್ನಿಯಾದ ನೀರಿನಲ್ಲಿ ನೆಲೆ ನಿಂತವು. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರವಿದೆ. ಅದು ಝೆನೋಪಸ್ ಮೈಮೇಲೆ ಇದ್ದರೂ ಸಾಮಾನ್ಯವಾಗಿ ಅದಕ್ಕೆ ಏನೂ ಆಗುವುದಿಲ್ಲ. ಬೇರೆ ಕಪ್ಪೆಗಳು ಸಾಯುತ್ತವೆ. ಈ ರೋಗದಿಂದ 500ಕ್ಕೂ ಹೆಚ್ಚು ಉಭಯವಾಸಿ ಪ್ರಭೇದಗಳು ಕುಸಿದಿವೆ, ಅವುಗಳಲ್ಲಿ 90 ಅಳಿದೇ ಹೋಗಿರಬಹುದು ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಶಿಲೀಂಧ್ರ ಖಂಡಗಳನ್ನು ದಾಟಿದ್ದು ಕಪ್ಪೆಗಳ ಸಾಗಾಟದ ಜೊತೆ. ಅದರಲ್ಲಿ ಝೆನೋಪಸ್ ಮೇಲೂ ಸಂಶಯವಿದೆ. ಆದರೆ ಅದೇ ಮಗೈನಿನ್ ಈ ಶಿಲೀಂಧ್ರದ ಬೆಳವಣಿಗೆಯನ್ನೂ ತಡೆಯುವುದು ಲ್ಯಾಬ್‌ನಲ್ಲಿ ಕಂಡಿದೆ. ಉಳಿದ ಕಪ್ಪೆಗಳನ್ನು ಹೇಗೆ ಕಾಪಾಡುವುದು ಎಂದು ಹುಡುಕುವವರು ಝೆನೋಪಸ್‌ನ ಚರ್ಮವನ್ನೂ ಮತ್ತೆ ಪರೀಕ್ಷಿಸುತ್ತಿದ್ದಾರೆ.