ಎಸಿಯ ಬಕೆಟ್ಟಿಗೆ ಬೀಳುವ ನೀರಿನ ಲೆಕ್ಕ

ಸೆಖೆ ಹೆಚ್ಚಿರುವ ದಿನ ಎಸಿಯ ಡ್ರೈನ್ ಪೈಪಿನ ಕೆಳಗೆ ಒಂದು ಬಕೆಟ್ ಇಟ್ಟು, ಗಂಟೆ ಕಳೆದ ಮೇಲೆ ಅಳೆದು ನೋಡಿ. ಒಂದೂವರೆ ಟನ್ನಿನ ಯಂತ್ರ ಪೂರ್ತಿ ದುಡಿಯುತ್ತಿದ್ದರೆ ಒಂದರಿಂದ ಎರಡು ಲೀಟರ್ ನೀರು ಸಿಗುತ್ತದೆ. ಅಷ್ಟೂ ನೀರು ಸ್ವಲ್ಪ ಹೊತ್ತಿನ ಮುಂಚೆ ಕೋಣೆಯ ಗಾಳಿಯಲ್ಲಿ ಆವಿಯಾಗಿ ಇದ್ದದ್ದು. ಒಂದು ಲೀಟರ್ ನೀರಿನಷ್ಟು ಆವಿಯನ್ನು ಮತ್ತೆ ನೀರಾಗಿಸಲು ಅದರಿಂದ ಸುಮಾರು 2,450 ಕಿಲೋಜೂಲ್ ಶಾಖವನ್ನು, ಅಂದರೆ 0.68 ಯುನಿಟ್ಟನ್ನು (ಕಿಲೋವ್ಯಾಟ್-ಗಂಟೆ), ಕಿತ್ತು ಹೊರಗೆ ಹಾಕಬೇಕು. ಒಂದೂವರೆ ಟನ್ ಎಂದರೆ ಸುಮಾರು 5.3 ಕಿಲೋವ್ಯಾಟ್ ಸಾಮರ್ಥ್ಯ. ಗಂಟೆಗೆ ಎರಡು ಲೀಟರ್ ನೀರು ಹಿಂಡಲಿಕ್ಕೇ ಅದರಲ್ಲಿ ಕಾಲು ಭಾಗ ಹೋಯಿತು. ಈ ಕೆಲಸದ ಸುಳಿವು ಥರ್ಮಾಮೀಟರಿನಲ್ಲಿ ಕಾಣುವುದಿಲ್ಲ. ಇದು ಗುಪ್ತೋಷ್ಣದ, ಅಂದರೆ ತಾಪಮಾನ ಬದಲಾಗದೆ ಆವಿ ನೀರಾಗುವಾಗ ಬಿಡುವ ಶಾಖದ, ಲೆಕ್ಕ.

(ಈ 'ಟನ್' ಯಂತ್ರದ ತೂಕವಲ್ಲ. 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ದರ ಅದು. ಮಂಜುಗಡ್ಡೆ ಮಾರುತ್ತಿದ್ದ ಕಾಲದ ಅಳತೆ ಹಾಗೇ ಉಳಿದುಕೊಂಡಿದೆ.)

ಮೊದಲ ಎಸಿ ಬಂದದ್ದೂ ಮನುಷ್ಯರಿಗೆ ತಂಪು ಮಾಡಲಿಕ್ಕಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಹಚ್ಚುವ ಬಣ್ಣಗಳು ಜಾಗ ತಪ್ಪುತ್ತಿದ್ದವು. 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಅಲ್ಲಿಗೆ ವಿನ್ಯಾಸ ಮಾಡಿಕೊಟ್ಟ ಯಂತ್ರದ ಕೆಲಸ ಗಾಳಿಯ ತೇವವನ್ನು ಹತೋಟಿಯಲ್ಲಿಡುವುದಾಗಿತ್ತು. ಅದೇ ಯಂತ್ರ ಮನೆಗೆ ಬಂದ ಮೇಲೆ ನಾವು ತೇವವನ್ನು ಮರೆತು ರಿಮೋಟಿನ ಮೇಲಿನ ಅಂಕಿಯನ್ನೇ ಹಿಡಿದು ಕೂತಿದ್ದೇವೆ. ತೇವ ಜಾಸ್ತಿ ಇರುವ ಊರುಗಳಲ್ಲಿ ಎಸಿ ಕುರಿತ ದೂರುಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಮರೆವಿನಿಂದಲೇ ಎಂದು ನಮ್ಮ ಅನಿಸಿಕೆ.

ಕೋಣೆಯ ಗಾಳಿಯಲ್ಲಿ ಒಟ್ಟು ಎಷ್ಟು ನೀರಿದೆ? 30 ಡಿಗ್ರಿ ಸೆಲ್ಸಿಯಸ್, ಶೇ. 80 ಆರ್ದ್ರತೆಯಲ್ಲಿ (ಆ ತಾಪಮಾನದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯ ಶೇ. 80 ಇದ್ದಾಗ) ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ. ಸಾಧಾರಣ ಮಲಗುವ ಕೋಣೆ 30 ಘನ ಮೀಟರ್ ಎಂದಿಟ್ಟುಕೊಂಡರೆ ಮುಕ್ಕಾಲು ಲೀಟರೂ ಪೂರ್ತಿ ಆಗುವುದಿಲ್ಲ. ಅದನ್ನು 25 ಡಿಗ್ರಿ, ಶೇ. 55ಕ್ಕೆ ಇಳಿಸಲು ತೆಗೆಯಬೇಕಾದದ್ದು ಬರೀ 350 ಗ್ರಾಂ. ಹಾಗಿದ್ದೂ ಬಕೆಟ್ಟಿಗೆ ಗಂಟೆಗಟ್ಟಲೆ ಲೀಟರುಗಟ್ಟಲೆ ನೀರು ಬೀಳುತ್ತಿದೆ ಎಂದರೆ ಅದು ಬೇರೆಲ್ಲಿಂದಲೋ ಬರುತ್ತಿದೆ. ಹಾಸಿಗೆ, ಪರದೆ, ಬಟ್ಟೆಗಳು ಮೊದಲ ಕೆಲವು ಗಂಟೆ ತಮ್ಮ ತೇವ ಬಿಡುತ್ತವೆ. ಮಲಗಿದ ಇಬ್ಬರು ಉಸಿರು ಮತ್ತು ಬೆವರಿನಿಂದ ಗಂಟೆಗೆ 80 ಗ್ರಾಂ ಆಸುಪಾಸು ಸೇರಿಸುತ್ತಾರೆ. ಉಳಿದದ್ದು ಬಾಗಿಲ ಅಡಿಯ ಸಂದಿನಿಂದ, ಕಿಟಕಿಯ ಚೌಕಟ್ಟಿನಿಂದ, ಎಸಿ ಪೈಪಿಗೆಂದು ಕೊರೆದು ಹಾಗೇ ಬಿಟ್ಟ ಗೋಡೆಯ ತೂತಿನಿಂದ ಒಳನುಗ್ಗುವ ಹೊರಗಿನ ಗಾಳಿ. ಕೋಣೆಯ ಗಾಳಿ ಗಂಟೆಗೊಮ್ಮೆ ಹೀಗೆ ಬದಲಾದರೆ ಗಂಟೆಗೆ ಮತ್ತೆ 350 ಗ್ರಾಂ. ಮೂರು ನಾಲ್ಕು ಗಂಟೆ ಓಡಿದ ಮೇಲೂ ಬಕೆಟ್ಟಿಗೆ ಬೀಳುವ ನೀರು ಕಡಿಮೆಯಾಗದಿದ್ದರೆ ದೊಡ್ಡ ಎಸಿಯ ಯೋಚನೆ ಬಿಟ್ಟು ಆ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ.

ಕಿಟಕಿ ತೆರೆಯುವಾಗಲೂ ಇದೇ ಲೆಕ್ಕ ನೋಡಬೇಕು. ಸಂಜೆ ಹೊರಗೆ 25 ಡಿಗ್ರಿ, ಶೇ. 90, ಒಳಗೆ 30 ಡಿಗ್ರಿ, ಶೇ. 60. ಹೊರಗಿನ ಗಾಳಿ ತಂಪಾಗಿದೆ ನಿಜ, ಆದರೆ ಅದರಲ್ಲಿ ಘನ ಮೀಟರಿಗೆ ಸುಮಾರು 21 ಗ್ರಾಂ ನೀರಿದೆ, ಒಳಗಿನದರಲ್ಲಿ 18. ಫ್ಯಾನ್ ಹಾಕಿಕೊಂಡು ಮಲಗುವವರು ತೆರೆದರೆ ಲಾಭ. ಒಂದು ಗಂಟೆ ಬಿಟ್ಟು ಎಸಿ ಹಾಕುವವರು ತೆರೆದರೆ ನಷ್ಟ. ಶೇಕಡಾವಾರು ಆರ್ದ್ರತೆ ತಾಪಮಾನದ ಜೊತೆ ಕುಣಿಯುತ್ತದೆ. ಹೋಲಿಸಬೇಕಾದದ್ದು ಇಬ್ಬನಿ ಬಿಂದುವನ್ನು, ಅಂದರೆ ಎಷ್ಟು ತಣ್ಣಗಾದರೆ ಆ ಗಾಳಿ ನೀರು ಬಿಡಲು ಶುರು ಮಾಡುತ್ತದೋ ಆ ತಾಪಮಾನವನ್ನು. ಹವಾಮಾನದ ಆ್ಯಪ್‌ಗಳಲ್ಲಿ ಅದು ಸಿಗುತ್ತದೆ.

ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಮನೆಗೊಂದು ಇರಲಿ, ಆದರೆ ಅದು ತೋರಿಸಿದ್ದನ್ನೆಲ್ಲ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡಿಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ಹನಿ ನೀರು ಸೇರಿಸಿ. ಉಪ್ಪು ಕರಗಿಹೋಗಬಾರದು. ಅದನ್ನೂ ಹೈಗ್ರೋಮೀಟರನ್ನೂ ಒಂದಕ್ಕೊಂದು ತಗಲದಂತೆ ಜಿಪ್ ಚೀಲದಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಅದು ಶೇ. 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಉಪಕರಣ 5 ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನ ಮೇಲೆ ಬರೆದಿಡಿ. ಮನೆಯೊಳಗೆ ಶೇ. 40ರಿಂದ 60ರ ನಡುವೆ ಇದ್ದರೆ ಒಳ್ಳೆಯದು. 70 ದಾಟಿ ದಿನಗಟ್ಟಲೆ ನಿಂತರೆ ಚಪ್ಪಲಿ, ಪುಸ್ತಕ, ಬೀರುವಿನ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ.

ಇನ್ನು ಆಯ್ಕೆಯ ಮಾತು. ನೀರು ಆವಿಯಾಗಿಸಿ ತಂಪು ಮಾಡುವ ಏರ್ ಕೂಲರಿಗೆ ಒಣ ಗಾಳಿಯೇ ಬಂಡವಾಳ. 35 ಡಿಗ್ರಿ, ಶೇ. 30ರ ಗಾಳಿಯನ್ನು ಅದು ಹೆಚ್ಚೆಂದರೆ 22 ಡಿಗ್ರಿಯ ಹತ್ತಿರಕ್ಕೆ ಎಳೆಯಬಲ್ಲದು; ಅದೇ 35 ಡಿಗ್ರಿ ಶೇ. 80ರಲ್ಲಿದ್ದರೆ 32ಕ್ಕೇ ಮಿತಿ, ಜೊತೆಗೆ ಕೋಣೆಯೆಲ್ಲ ಅಂಟಂಟು. ಮುಚ್ಚಿದ ಕೋಣೆಯಲ್ಲಿ ಕೂಲರ್ ಮತ್ತು ಎಸಿ ಒಟ್ಟಿಗೆ ಹಾಕುವುದು ಒಂದು ಕೈಯಲ್ಲಿ ನೀರು ಸುರಿದು ಇನ್ನೊಂದು ಕೈಯಲ್ಲಿ ಒರೆಸಿದಂತೆ.

ಎಸಿ ಕೊಳ್ಳುವಾಗ 'ಇರಲಿ, ಒಂದು ಸೈಜ್ ದೊಡ್ಡದೇ' ಎನ್ನುವುದು ತೇವದ ಹವೆಯಲ್ಲಿ ಮಾಡುವ ಅತಿ ದುಬಾರಿ ತಪ್ಪು. ಎಸಿ ಶುರುವಾದ ಕೂಡಲೇ ಡ್ರೈನಿನಿಂದ ನೀರು ಬರುವುದಿಲ್ಲ. ಮೊದಲು ಕಾಯಿಲ್ (ಒಳಗಿನ ತಾಮ್ರದ ಪೈಪಿನ ಸುರುಳಿ) ತಣ್ಣಗಾಗಬೇಕು, ಅದರ ನೂರಾರು ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹನಿಗಳು ಕೂಡಬೇಕು, ತುಂಬಿದ ಮೇಲೆ ತಟ್ಟೆಗೆ ಇಳಿಯಬೇಕು. ಇದಕ್ಕೇ ಹತ್ತಿಪ್ಪತ್ತು ನಿಮಿಷ ಬೇಕು. ಮಿತಿಮೀರಿ ದೊಡ್ಡದಾದ ಎಸಿ ಏಳೆಂಟು ನಿಮಿಷದಲ್ಲಿ ಹೇಳಿದ ತಾಪಮಾನ ಮುಟ್ಟಿಸಿ ಕಂಪ್ರೆಸರ್ ನಿಲ್ಲಿಸುತ್ತದೆ. ಒಳಗಿನ ಫ್ಯಾನ್ ಮಾತ್ರ ತಿರುಗುತ್ತಲೇ ಇದ್ದರೆ ಕಾಯಿಲಿಗೆ ಅಂಟಿದ ಹನಿಗಳೆಲ್ಲ ಮತ್ತೆ ಆವಿಯಾಗಿ ಕೋಣೆಗೇ ವಾಪಸ್. 24 ಡಿಗ್ರಿ ಇದೆ, ಮೈ ಮಾತ್ರ ಜಿಗುಟು. ಮನೆಯವರು 20ಕ್ಕೆ ಇಳಿಸುತ್ತಾರೆ. ಆಗ ಗೋಡೆ ಹೊರಗಿನ ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಾಗಿ, ಪಕ್ಕದ ಎಸಿಯಿಲ್ಲದ ಕೋಣೆಯ ಕಡೆಯಿಂದ ಬೆವರುತ್ತದೆ. ಅಲ್ಲಿ ಬೂಷ್ಟು ಕಂಡಾಗ ಪೈಪ್ ಸೋರುತ್ತಿದೆ ಎಂದು ಗೋಡೆ ಒಡೆಸುವವರೂ ಇದ್ದಾರೆ.

ಇನ್ವರ್ಟರ್ ಎಸಿ ಕಂಪ್ರೆಸರಿನ ವೇಗ ಇಳಿಸಿಕೊಂಡು ಬಹಳ ಹೊತ್ತು ಓಡುವುದರಿಂದ ಈ ತೊಂದರೆ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ತೀರಾ ನಿಧಾನವಾಗಿ ಓಡುವಾಗ ಕಾಯಿಲ್ ಅಷ್ಟು ತಣ್ಣಗಿರದೆ ನೀರು ಹಿಂಡುವುದು ಕುಗ್ಗುತ್ತದೆ. ಆಗ ಒಳಗಿನ ಫ್ಯಾನಿನ ವೇಗ ಕಡಿಮೆ ಮಾಡಿ, ಅಥವಾ ರಿಮೋಟಿನ ಹನಿ ಗುರುತಿನ 'ಡ್ರೈ' ಒತ್ತಿ. ಅದೂ ಮಾಡುವುದು ಅದನ್ನೇ: ನಿಧಾನ ಗಾಳಿ, ತಣ್ಣನೆಯ ಕಾಯಿಲ್. ಕೊಳ್ಳುವಾಗ ಕನಿಷ್ಠ ಸಾಮರ್ಥ್ಯ ಎಷ್ಟು ಎಂದು ಕೇಳಿ. ಅದು ಕಡಿಮೆ ಇದ್ದಷ್ಟೂ ಯಂತ್ರ ನಿಂತು ನಿಂತು ಓಡುವುದು ತಪ್ಪುತ್ತದೆ. ಇನ್ನೊಂದು ಮಾತು. ಎಸಿಯ ಸಾಮರ್ಥ್ಯ ಅಳೆಯುವ ಸಾಮಾನ್ಯ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಒಳಗಿನ ಗಾಳಿ 27 ಡಿಗ್ರಿ, ಆರ್ದ್ರತೆ ಶೇ. 47ರ ಸುಮಾರು, ಹೊರಗೆ 35 ಡಿಗ್ರಿ. ನಿಮ್ಮ ಕೋಣೆ ಶೇ. 75ರಲ್ಲಿ ಶುರುವಾದರೆ ಅದೇ ಟನ್ನೇಜಿನ ದೊಡ್ಡ ಪಾಲು ನೀರಿಗೆ ಹೋಗಿ, ತಾಪಮಾನ ಇಳಿಯುವುದು ತಡವಾಗುತ್ತದೆ. ಯಂತ್ರ ಕೆಟ್ಟಿಲ್ಲ, ತಡೆದುಕೊಳ್ಳಿ.

ನಿರ್ವಹಣೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಫಿಲ್ಟರ್. ಎರಡು ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿ, ಮುಗಿಯಿತು. ಫಿಲ್ಟರ್ ಚೊಕ್ಕಟವಿದ್ದೂ ಗಾಳಿ ಕ್ಷೀಣವಾಗಿದ್ದರೆ, ಎಸಿಗೆ ಹೋಗುವ ವಿದ್ಯುತ್ತನ್ನು ಸ್ವಿಚ್ಚಿನಲ್ಲೇ ಆರಿಸಿ, ಗಾಳಿ ಬರುವ ಬಾಯಿಗೆ ಟಾರ್ಚ್ ಬಿಟ್ಟು ಒಳಗಿನ ಉದ್ದನೆಯ ಬ್ಲೋವರ್ ಉರುಳೆಯನ್ನು ನೋಡಿ. ಅದರ ಸಣ್ಣ ಸಣ್ಣ ಅಲಗುಗಳ ಒಳಮೈಗೆ ಧೂಳು, ತೇವ, ಬೂಷ್ಟು ಸೇರಿ ಕಪ್ಪು ಮೆತ್ತೆ ಕಟ್ಟಿರುತ್ತದೆ. ಅಲಗಿನ ಡೊಂಕು ತುಂಬಿಹೋದರೆ ಅದು ಗಾಳಿಯನ್ನು ಬಾಚಲಾರದು. ಮುಗ್ಗಲು ವಾಸನೆಯ ಮೂಲವೂ ಸಾಮಾನ್ಯವಾಗಿ ಅಲ್ಲೇ. ಕಾಯಿಲಿಗೆ ಮಾತ್ರ ನೀರು ಹೊಡೆದು ಹೋಗುವ ಸರ್ವಿಸ್ ಇದನ್ನು ಮುಟ್ಟುವುದಿಲ್ಲ. ಉರುಳೆಯನ್ನೂ ತೊಳೆಯಬೇಕೆಂದು ಮೊದಲೇ ಹೇಳಬೇಕು. ಕೋಣೆ ಬಿಟ್ಟು ಹೊರಡುವಾಗ 15-20 ನಿಮಿಷ ಬರೀ ಫ್ಯಾನ್ ಓಡಿಸಿದರೆ ಒಳಭಾಗ ಒಣಗುತ್ತದೆ. ಸ್ವಲ್ಪ ತೇವ ಕೋಣೆಗೆ ಮರಳುತ್ತದೆ, ಆ ಹೊತ್ತಿಗೆ ನೀವು ಅಲ್ಲಿರುವುದಿಲ್ಲ.

ಡ್ರೈನ್ ಪೈಪ್ ಹೆಚ್ಚು ತೊಂದರೆ ಕೊಡುವ ಅಗ್ಗದ ಭಾಗ. ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಬೇಕು, ಎಲ್ಲೂ ಜೋತು ಬೀಳಬಾರದು, ತುದಿ ನೀರಿನಲ್ಲಿ ಮುಳುಗಿರಬಾರದು. ಜೋತಲ್ಲಿ ನೀರು ನಿಂತು, ಆಚೆ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ನಡುವಿನ ಗಾಳಿಗೆ ಹೋಗಲು ದಾರಿಯಿಲ್ಲ; ತಟ್ಟೆ ತುಂಬಿ ಗೋಡೆಯ ಮೇಲೆ ಹರಿಯುತ್ತದೆ. ಪೈಪಿನೊಳಗೆ ಕಟ್ಟುವ ಲೋಳೆಯನ್ನು ಹೊರತುದಿಯಿಂದ ನೀರೆಳೆಯುವ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಆಮೇಲೆ ತಟ್ಟೆಗೆ ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರು ನಿಧಾನವಾಗಿ ಸುರಿದು, ಹಾಕಿದಷ್ಟೂ ಹೊರಗೆ ಬಂತೇ ನೋಡಿ. ಬ್ಲೀಚ್ ಬೇಡ: ಲೋಹ ತಿನ್ನುತ್ತದೆ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬಿಡುತ್ತದೆ.

ನೀರು ತಟ್ಟೆಯಿಂದಲ್ಲದೆ ಪೈಪ್ ಬರುವ ತೂತಿನಿಂದ ತೊಟ್ಟಿಕ್ಕಿದರೆ ದೋಷವಿರುವುದು ಪೈಪಿನ ಶಾಖ ನಿರೋಧಕ ಹೊದಿಕೆಯಲ್ಲಿ. ಸ್ಪ್ಲಿಟ್ ಎಸಿಗಳಲ್ಲಿ ಒತ್ತಡ ಇಳಿಸುವ ಕವಾಟ ಸಾಮಾನ್ಯವಾಗಿ ಔಟ್‌ಡೋರ್ ಯುನಿಟ್ಟಿನಲ್ಲೇ ಇರುವುದರಿಂದ ಗ್ಯಾಸ್ ಹೋಗಿಬರುವ ಎರಡು ಪೈಪುಗಳಲ್ಲಿ ದಪ್ಪ ಪೈಪಷ್ಟೇ ಅಲ್ಲ, ತೆಳು ಪೈಪೂ ತಣ್ಣಗಿರುತ್ತದೆ. ಎರಡಕ್ಕೂ ಬೇರೆ ಬೇರೆ ಹೊದಿಕೆ ಬೇಕು, ಕೀಲುಗಳ ಬಳಿ ಸಂದಿರಬಾರದು. ಬಿಸಿಲಿಗೆ ಬಿದ್ದ ಹೊದಿಕೆ ಪುಡಿಯಾಗುತ್ತದೆ, ಮೇಲೊಂದು ಟೇಪ್ ಸುತ್ತಿಸಿ.

ಇನ್ನು ಗ್ಯಾಸ್. 'ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು' ಎನ್ನುವ ಮಾತಿಗೆ ಅರ್ಥವಿಲ್ಲ. ಅದು ಮುಚ್ಚಿದ ಸರ್ಕೀಟ್, ಅಲ್ಲಿ ಗ್ಯಾಸ್ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಸೋರಿದೆ. ಮೊದಲು ಅನುಮಾನಿಸಬೇಕಾದದ್ದು ಪೈಪ್ ಕೂಡಿಸುವ ಫ್ಲೇರ್ ನಟ್. ಎರಡನೆಯದು ಕಾಯಿಲಿನ ತಾಮ್ರ. ತೇವದ ಜೊತೆ ಕೆಲವು ಅಂಟು, ಮರದ ಹಲಗೆ, ಕ್ಲೀನರುಗಳಿಂದ ಬರುವ ಫಾರ್ಮಿಕ್ ಮತ್ತು ಅಸೆಟಿಕ್ ಆಮ್ಲದ ಆವಿ ಸೇರಿದರೆ ತಾಮ್ರದೊಳಗೆ ಇರುವೆ ಗೂಡಿನಂಥ ಕವಲು ಕವಲಾದ ಸುರಂಗಗಳು ಕೊರೆಯುತ್ತವೆ. ಹೊರಗಿನಿಂದ ಕಾಣುವುದು ಸೂಜಿಮೊನೆಯಷ್ಟು. ಸೋರಿಕೆ ಮುಚ್ಚಿದ ಮೇಲೆ ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷೆ, ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನಿಗಿಂತ (ಇಲ್ಲಿ ಇದು ಒತ್ತಡದ ಅಳತೆ) ಕೆಳಗೆ ನಿರ್ವಾತ, ಆಮೇಲೆ ಯಂತ್ರದ ಪಟ್ಟಿಯ ಮೇಲೆ ಬರೆದಷ್ಟೇ ಗ್ರಾಂ ತೂಗಿ ತುಂಬುವುದು. ನಿರ್ವಾತ ಮಾಡದೆ ಬಿಟ್ಟರೆ ಒಳಗುಳಿದ ತೇವ ಕಂಪ್ರೆಸರಿನ ಎಣ್ಣೆಯ ಜೊತೆ ಸೇರಿ ಆಮ್ಲವಾಗುತ್ತದೆ. ಎಸಿಗೆ ತುಂಬುವ ಗ್ಯಾಸುಗಳಲ್ಲಿ ಆರ್-32 ತುಸು, ಆರ್-290 ಬಹಳವೇ ಉರಿಯುವ ಅನಿಲ. ಹಾಗಾಗಿ ಇದು ಕಲಿತವರ ಕೈಯ ಕೆಲಸ.

ಕಾಯಿಲ್ ಮೇಲೆ ಮಂಜು ಕಟ್ಟಿದರೆ ಕೆರೆಯಬೇಡಿ, ರೆಕ್ಕೆ ಹರಿಯುತ್ತದೆ. ಎರಡು ಮೂರು ಗಂಟೆ ಬರೀ ಫ್ಯಾನ್ ಹಾಕಿ ಕರಗಿಸಿ. ಇಡೀ ಕಾಯಿಲ್ ಹೆಪ್ಪುಗಟ್ಟಿದ್ದರೆ ಗಾಳಿಯ ಅಡಚಣೆ ಇರಬಹುದು, ಒಂದು ಮೂಲೆ ಮತ್ತು ತೆಳು ಪೈಪಿಗಷ್ಟೇ ಕಟ್ಟಿದ್ದರೆ ಗ್ಯಾಸ್ ಕಡಿಮೆ ಇರಬಹುದು.

ಬಿಡದೆ ಮಳೆ ಸುರಿಯುವ ದಿನಗಳಲ್ಲಿ ಎಸಿ ಕೈಕೊಡುತ್ತದೆ. 22 ಡಿಗ್ರಿಯೇ ಇದ್ದರೆ ಅದಕ್ಕೆ ಓಡಲು ಕಾರಣವಿಲ್ಲ, ಆರ್ದ್ರತೆ ಮಾತ್ರ 90. ಗಾಳಿಯ ತೇವವನ್ನಷ್ಟೇ ತೆಗೆಯುವ ಯಂತ್ರವಾದ ಡಿಹ್ಯುಮಿಡಿಫೈಯರಿನ ಹೊತ್ತು ಅದು. ಪೆಟ್ಟಿಗೆಯ ಮೇಲಿನ 'ದಿನಕ್ಕೆ 20 ಲೀಟರ್' 30 ಡಿಗ್ರಿ, ಶೇ. 80ರಲ್ಲಿ ಅಳೆದದ್ದಾದರೆ, 27 ಡಿಗ್ರಿ, ಶೇ. 60ರಲ್ಲಿ ಸಿಗುವುದು ಅದರ ಅರ್ಧದ ಆಸುಪಾಸು. ಹಿಂಡಿದ ಪ್ರತಿ ಲೀಟರಿನ 0.68 ಯುನಿಟ್ ಶಾಖವೂ ಅದು ತಿನ್ನುವ ವಿದ್ಯುತ್ತೂ ಕೋಣೆಯಲ್ಲೇ ಉಳಿದು ಕೋಣೆ ಬೆಚ್ಚಗಾಗುತ್ತದೆ. ಮಳೆ ಚಳಿಯಲ್ಲಿ ಅದೇ ಅನುಕೂಲ.

ಚಳಿಗೆ ಬಿಸಿ ಬೇಕಾದಾಗಲೂ ನೀರನ್ನು ಮರೆಯುವಂತಿಲ್ಲ. 10 ಡಿಗ್ರಿ, ಶೇ. 90ರ ಗಾಳಿಯನ್ನು 20ಕ್ಕೆ ಕಾಯಿಸಿದರೆ ಆರ್ದ್ರತೆ ಶೇ. 47ರ ಸುಮಾರಿಗೆ ತಾನಾಗಿ ಇಳಿಯುತ್ತದೆ. ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರ್ ಈ ಲಾಭವನ್ನು ಕೆಡಿಸುತ್ತದೆ: ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಲೀಟರಿಗೂ ಮಿಗಿಲಾದ ನೀರು ಕೋಣೆಗೇ ಸೇರುತ್ತದೆ, ಕಾರ್ಬನ್ ಮೊನಾಕ್ಸೈಡಿನ ಅಪಾಯ ಬೇರೆ. ಎಣ್ಣೆ ತುಂಬಿದ ರೇಡಿಯೇಟರ್ ಆಗಲಿ, ಫ್ಯಾನ್ ಹೀಟರ್ ಆಗಲಿ, ಒಂದು ಯುನಿಟ್ ವಿದ್ಯುತ್ತಿಗೆ ಒಂದೇ ಯುನಿಟ್ ಶಾಖ. ಯಾವ ಜಾಹೀರಾತೂ ಇದನ್ನು ಬದಲಿಸಲಾರದು. ಬಿಸಿ-ತಂಪು ಎರಡೂ ಮಾಡುವ ಎಸಿ ಹೊರಗಿನ ಶಾಖವನ್ನು ಒಳಗೆ ಎಳೆಯುವುದರಿಂದ, ಅತಿ ಚಳಿಯಿಲ್ಲದ ಕಡೆ ಒಂದು ಯುನಿಟ್ಟಿಗೆ ಮೂರರಷ್ಟು ಕೊಡುತ್ತದೆ. ಬರೀ ತಂಪಿನ ಎಸಿಯಲ್ಲಿ ಇದಕ್ಕೆ ಬೇಕಾದ ದಿಕ್ಕು ಬದಲಿಸುವ ಕವಾಟ ಇರುವುದಿಲ್ಲ, ಕೊಳ್ಳುವಾಗಲೇ ನೋಡಬೇಕು.

ಈ ಯಂತ್ರ ಬಿಸಿ ಕೊಡುವಾಗ ತಣ್ಣನೆಯ ಕಾಯಿಲ್ ಹೊರಗಿರುತ್ತದೆ. 0ರಿಂದ 5 ಡಿಗ್ರಿಯ ತೇವದ ಗಾಳಿಯಲ್ಲಿ ಅದರ ಮೇಲೆ ಮಂಜು ಕಟ್ಟುತ್ತದೆ. ಯಂತ್ರ ಆಗಾಗ ಬಿಸಿ ನಿಲ್ಲಿಸಿ, ದಿಕ್ಕು ತಿರುಗಿಸಿ ಐದಾರು ನಿಮಿಷ ಅದನ್ನು ಕರಗಿಸಿಕೊಳ್ಳುತ್ತದೆ. ಆಗ ಔಟ್‌ಡೋರ್ ಯುನಿಟ್ಟಿನಿಂದ ಹೊಗೆಯಂತೆ ಬಿಳಿ ಆವಿ ಏಳುವುದು ಕಂಡು ಗಾಬರಿಯಾಗಬೇಡಿ. ಅದರ ತಳದ ತೂತುಗಳು ಎಲೆ ಕಸದಿಂದ ಮುಚ್ಚಿಲ್ಲವೇ ಎಂದು ನೋಡಿ, ಯುನಿಟ್ಟನ್ನು ನೆಲದಿಂದ ಒಂದು ಗೇಣು ಎತ್ತರಿಸಿ, ಬಕೆಟ್ಟನ್ನು ಅಲ್ಲಿಗೆ ಸರಿಸಿ.