612 ಅಡಿ ಎತ್ತರದ ಗಟ್ಟಿ ಕಟ್ಟಡವನ್ನು ಕೆಡವಿದ್ದು ಯಾಕೆ?

ಓದುಗರ ಪ್ರಶ್ನೆ: ನ್ಯೂಯಾರ್ಕಿನ ಸಿಂಗರ್ ಬಿಲ್ಡಿಂಗ್ ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತಂತೆ. ಕಟ್ಟಿದ 60 ವರ್ಷಕ್ಕೇ ಅದನ್ನು ಕೆಡವಿದರಂತೆ. ಯಾಕೆ? ಬೀಳುವ ಹಾಗಾಗಿತ್ತಾ?

ಇಲ್ಲ, ಅದರ ಬಲದ ಬಗ್ಗೆ ಯಾರ ತಕರಾರೂ ಇರಲಿಲ್ಲ. ಅದು ತೀರಾ ಸಣಕಲಾಗಿತ್ತು, ಅದಕ್ಕೇ ಹೋಯಿತು. ತಮಾಷೆ ಅಂದರೆ, ಆ ಸಣಕಲು ಮೈ ಯಾರದೋ ತಪ್ಪಿನಿಂದ ಬಂದದ್ದಲ್ಲ. ಕಟ್ಟಿದ ವಾಸ್ತುಶಿಲ್ಪಿ ಬೇಕೆಂದೇ ಹಾಗೆ ಮಾಡಿದ್ದ. ಊರಿನ ಮೇಲಿನ ಕಾಳಜಿಯಿಂದ ಮಾಡಿದ್ದ ಕೂಡ.

ಯಾವ ಸಿಂಗರ್ ಅಂತ ಮೊದಲು ಹೇಳಿಬಿಡುತ್ತೇನೆ. ಹೊಲಿಗೆ ಮಿಷನ್ನಿನ ಸಿಂಗರೇ. ಕಪ್ಪು ಮೈ, ಬಂಗಾರದ ಬಣ್ಣದ ಅಕ್ಷರ, ಕೆಳಗೆ ತುಳಿಯುವ ಕಬ್ಬಿಣದ ಪೆಡಲು. ನಮ್ಮಲ್ಲಿ ಎಷ್ಟೋ ಮನೆಗಳ ಮೂಲೆಯಲ್ಲಿ ಈಗಲೂ ಒಂದು ಇರುತ್ತದೆ, ಮೇಲೊಂದು ಹಳೇ ಬೆಡ್‌ಶೀಟು ಹೊದ್ದುಕೊಂಡು. ಯಂತ್ರಗಳನ್ನು ಕಂಡರೆ ಅಷ್ಟಕ್ಕಷ್ಟೇ ಅನ್ನುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಒಂದು ಮಾತುಕತೆಯ ನಡುವೆ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ಈವರೆಗೆ ಕಂಡುಹಿಡಿದ ಕೆಲವೇ ಉಪಯೋಗದ ವಸ್ತುಗಳಲ್ಲಿ ಅದೂ ಒಂದು ಅಂತ ಅವರ ಅಭಿಪ್ರಾಯ.

ಆ ಕಂಪನಿಯ ಹತ್ತಿರ ಅಷ್ಟೊಂದು ದುಡ್ಡು ಬಂದದ್ದು ಕಂತಿನಿಂದ. ಹೊಲಿಗೆ ಮಿಷನ್ನನ್ನು ಒಂದೇ ಸಲಕ್ಕೆ ಕೊಳ್ಳುವಷ್ಟು ಕಾಸು ಯಾವ ಸಾಮಾನ್ಯ ಮನೆಯಲ್ಲೂ ಇರಲಿಲ್ಲ. ಸಿಂಗರ್ 1850ರ ದಶಕದಲ್ಲೇ ಕಂತಿನ ವ್ಯಾಪಾರ ಶುರು ಮಾಡಿತು. ಅಮೆರಿಕದ ಡಾಲರು, ರಷ್ಯಾದ ರೂಬಲು, ನಮ್ಮ ರೂಪಾಯಿ, ಎಲ್ಲವೂ ಸ್ವಲ್ಪ ಸ್ವಲ್ಪವಾಗಿ ಅತ್ತ ಹರಿಯಿತು. ಅದರ ಅಧ್ಯಕ್ಷ ಫ್ರೆಡರಿಕ್ ಬೋರ್ನ್ ಎಂಬಾತನಿಗೆ ಈ ಸಂಪತ್ತು ದೂರದವರೆಗೂ ಕಾಣಬೇಕು ಅನ್ನಿಸಿತು. ಮ್ಯಾನ್‌ಹ್ಯಾಟನ್‌ನ ದಕ್ಷಿಣ ತುದಿಯಲ್ಲಿ, ಬ್ರಾಡ್‌ವೇ ಮತ್ತು ಲಿಬರ್ಟಿ ಸ್ಟ್ರೀಟ್ ಸೇರುವ ಮೂಲೆಯಲ್ಲಿ, ಕಂಪನಿಯ ಕಚೇರಿ ಆಗಲೇ ಇತ್ತು. 1906ರಲ್ಲಿ ಅಲ್ಲೇ ಗೋಪುರದ ಕೆಲಸ ಶುರುವಾಯಿತು. 1908ಕ್ಕೆ ಮುಗಿಯಿತು.

ನೆಲದಿಂದ ತುದಿಗೆ 612 ಅಡಿ, ಅಂದರೆ ಸುಮಾರು 187 ಮೀಟರ್. 40ಕ್ಕೂ ಜಾಸ್ತಿ ಮಹಡಿ. ಒಂದು ಅಂದಾಜು ಬೇಕಾದರೆ ಬೆಂಗಳೂರಿನ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ನೆನಪಿಸಿಕೊಳ್ಳಿ. 25 ಮಹಡಿಯ ಅದರ ಎತ್ತರ 106 ಮೀಟರ್, ಮುಗಿದದ್ದು 1973ರಲ್ಲಿ. ಅದಕ್ಕೂ 65 ವರ್ಷ ಮೊದಲೇ ಸಿಂಗರ್ ಗೋಪುರ ಅದಕ್ಕಿಂತ 80 ಮೀಟರ್ ಮೇಲಕ್ಕೆ ಹೋಗಿತ್ತು. ಆದರೆ ‘ಅತಿ ಎತ್ತರ’ ಎಂಬ ಪಟ್ಟ ಉಳಿದದ್ದು ಒಂದೇ ವರ್ಷ. 1909ರಲ್ಲಿ ಅದೇ ಊರಿನ ಮೆಟ್ರೊಪಾಲಿಟನ್ ಲೈಫ್ ಟವರ್ 700 ಅಡಿಗೆ ಬಂದು ಕಿತ್ತುಕೊಂಡಿತು.

ನೋಡಲು ಮಾತ್ರ ಬಲು ಚೆಂದವಿತ್ತು. ಕೆಂಪು ಇಟ್ಟಿಗೆ, ನಡುನಡುವೆ ತಿಳಿ ಬಣ್ಣದ ಕಲ್ಲು, ತುದಿಯಲ್ಲಿ ಫ್ರೆಂಚ್ ಅರಮನೆಗಳ ಹಾಗೆ ಉಬ್ಬಿದ ಛಾವಣಿ, ಅದರ ಮೇಲೊಂದು ದೀಪಗೂಡು. ರಾತ್ರಿ ಹೊತ್ತು ಗೋಪುರಕ್ಕೆ ಬೆಳಕು ಬಿಡುತ್ತಿದ್ದರು. ಒಳಗಿನ ಹಜಾರದಲ್ಲಿ ಅಮೃತಶಿಲೆಯ ಕಂಬಗಳು, ಮೇಲೆ ಸಾಲುಸಾಲು ಪುಟ್ಟ ಗುಮ್ಮಟಗಳು. ಕಂಬಗಳ ಮೇಲಿನ ಕಂಚಿನ ಬಿಲ್ಲೆಗಳಲ್ಲಿ ಕೆತ್ತಿದ್ದೇನು ಗೊತ್ತಾ? ಸೂಜಿ, ದಾರ, ಬಾಬಿನ್. ಟೈಲರ್ ಅಂಗಡಿಯ ಸಾಮಾನಿಗೆ ಅರಮನೆಯಲ್ಲಿ ಜಾಗ ಸಿಕ್ಕಿದ ಹಾಗೆ. ನನಗೆ ಇಡೀ ಕಟ್ಟಡದಲ್ಲಿ ಇಷ್ಟವಾಗುವುದು ಇದೇ.

ಈಗ ಸಣಕಲಿನ ವಿಷಯಕ್ಕೆ ಬರೋಣ. ಇದನ್ನು ಕಟ್ಟಿದ ಅರ್ನೆಸ್ಟ್ ಫ್ಲ್ಯಾಗ್‌ಗೆ ಆಗಿನ ಎತ್ತರದ ಕಟ್ಟಡಗಳ ಮೇಲೆ ಸಿಟ್ಟಿತ್ತು. ಒಡೆಯರು ಸೈಟಿನ ಒಂದಿಂಚೂ ಬಿಡದೆ ಅಂಚಿನಿಂದ ಅಂಚಿಗೆ ಗೋಡೆ ಎಬ್ಬಿಸುತ್ತಿದ್ದರು. ಕೆಳಗಿನ ಬೀದಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಪಕ್ಕದ ಕಟ್ಟಡದವರು ಹಗಲಲ್ಲೇ ದೀಪ ಹಚ್ಚಬೇಕು. ಫ್ಲ್ಯಾಗ್ ಹೇಳುತ್ತಿದ್ದದ್ದು ಇಷ್ಟು: ಎತ್ತರಕ್ಕೆ ಹೋಗುವುದಾದರೆ ಹೋಗಿ, ಆದರೆ ಸೈಟಿನ ಕಾಲು ಭಾಗದ ಮೇಲೆ ಮಾತ್ರ. ಉಳಿದ ಮುಕ್ಕಾಲು ತಗ್ಗಿನಲ್ಲಿರಲಿ. ಸಿಂಗರ್‌ನಲ್ಲಿ ಅವನು ಅದನ್ನೇ ಮಾಡಿ ತೋರಿಸಿದ. ಕೆಳಗೆ ಅಗಲವಾದ ಕಟ್ಟಡ, ಅದರ ಮೇಲೆ ಹಿಂದಕ್ಕೆ ಸರಿದು ನಿಂತ ತೆಳ್ಳನೆಯ ಗೋಪುರ. ಗೋಪುರದ ಒಂದೊಂದು ಬದಿ ಬರೀ 65 ಅಡಿ.

ಅಷ್ಟು ತೆಳುವಾದದ್ದು ಗಾಳಿಗೆ ನಿಲ್ಲುತ್ತದಾ ಅಂತ ಜನರಿಗೆ ಅನುಮಾನ ಬಂದರೆ ಆಶ್ಚರ್ಯವಿಲ್ಲ. ತಳಪಾಯವನ್ನು ನೆಲದಡಿಯ ಬಂಡೆಯವರೆಗೂ ಇಳಿಸಿದ್ದರು. ಗಾಳಿ ಒಂದು ಕಡೆಯಿಂದ ನೂಕಿದಾಗ ಆ ಬದಿಯ ಕಂಬಗಳು ಮೇಲಕ್ಕೆ ಏಳದ ಹಾಗೆ ಅವನ್ನು ಉಕ್ಕಿನ ಸರಳುಗಳಿಂದ ತಳಪಾಯಕ್ಕೆ ಬಿಗಿದಿದ್ದರು.

ಫ್ಲ್ಯಾಗ್ ಹೇಳಿದ ಮಾತು ಹುಸಿಯಾಗಲಿಲ್ಲ. 1915ರಲ್ಲಿ ಅಲ್ಲೇ ಹತ್ತಿರದಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎಂಬ ದೈತ್ಯ ಎದ್ದಿತು. ಸೈಟಿನ ತುಂಬಾ, ನೆಟ್ಟಗೆ, ಎಲ್ಲೂ ಹಿಂದೆ ಸರಿಯದೆ. ಊರಿನವರು ಬೊಬ್ಬೆ ಹಾಕಿದರು. 1916ರಲ್ಲಿ ನ್ಯೂಯಾರ್ಕ್ ಹೊಸ ನಿಯಮ ತಂದಿತು. ಕಟ್ಟಡ ಮೇಲೆ ಹೋದಂತೆ ಹಿಂದಕ್ಕೆ ಸರಿಯಬೇಕು. ಸೈಟಿನ ಕಾಲು ಭಾಗದ ಮೇಲೆ ಮಾತ್ರ ಎಷ್ಟು ಎತ್ತರ ಬೇಕಾದರೂ ಕಟ್ಟಬಹುದು. ಫ್ಲ್ಯಾಗ್‌ನ ಅದೇ ಕಾಲು ಭಾಗ. ಎಂಪೈರ್ ಸ್ಟೇಟ್ ಬಿಲ್ಡಿಂಗ್‌ನ ಮೆಟ್ಟಿಲು ಮೆಟ್ಟಿಲಾದ ಆಕಾರ ಬಂದದ್ದೂ ಈ ನಿಯಮದಿಂದಲೇ. ಬೆಂಗಳೂರಿನಲ್ಲಿ ಮನೆ ಕಟ್ಟುವಾಗ ಸೆಟ್‌ಬ್ಯಾಕ್ ಅಂತ ನಾವು ಗೊಣಗುತ್ತೇವಲ್ಲ, ಅದರ ಹಿಂದಿರುವುದೂ ಇದೇ ಗಾಳಿ, ಬೆಳಕಿನ ಲೆಕ್ಕ.

ಊರಿಗೆ ಒಳ್ಳೆಯದಾಯಿತು. ಕಟ್ಟಡಕ್ಕೆ?

ನಮ್ಮ ಕಡೆಯ ಲೆಕ್ಕದಲ್ಲೇ ನೋಡೋಣ. 65ಕ್ಕೆ 65 ಅಡಿ ಅಂದರೆ ಸುಮಾರು 42 ಚದರ. ಮೂವತ್ತು ನಲವತ್ತರ ಮೂರೂವರೆ ಸೈಟು, ಅಷ್ಟೆ. ಅದರಲ್ಲಿ ಲಿಫ್ಟಿಗೆ, ಮೆಟ್ಟಿಲಿಗೆ, ದಪ್ಪ ಕಂಬಗಳಿಗೆ, ಶೌಚಾಲಯಕ್ಕೆ ಜಾಗ ಬಿಡಬೇಕು. ಉಳಿದದ್ದರಲ್ಲಿ ಚಿಕ್ಕ ಚಿಕ್ಕ ಕೋಣೆಗಳು. 1908ರಲ್ಲಿ ಅದು ಸಾಕಿತ್ತು. ವಕೀಲ, ದಲ್ಲಾಳಿ, ಒಬ್ಬ ಗುಮಾಸ್ತ, ಕಿಟಕಿಯ ಬೆಳಕು, ಮುಗಿಯಿತು. 1960ರ ಹೊತ್ತಿಗೆ ಕಚೇರಿಯ ರೂಪವೇ ಬದಲಾಗಿತ್ತು. ಟ್ಯೂಬ್‌ಲೈಟು, ಏರ್ ಕಂಡೀಷನ್ನು ಬಂದ ಮೇಲೆ ಕಿಟಕಿಯ ಪಕ್ಕವೇ ಕೂರಬೇಕು ಅಂತ ಇರಲಿಲ್ಲ. ನೂರಾರು ಜನ ಒಂದೇ ಹಜಾರದಲ್ಲಿ ಕೂತು ಕೆಲಸ ಮಾಡುವಂಥ ಅಗಲ ಜಾಗ ಎಲ್ಲರಿಗೂ ಬೇಕಿತ್ತು.

ಸಿಂಗರ್ ಕಂಪನಿಯೇ 1960ರ ದಶಕದ ಶುರುವಿನಲ್ಲಿ ಅದನ್ನು ಮಾರಿ ರಾಕ್‌ಫೆಲರ್ ಸೆಂಟರ್‌ಗೆ ಹೋಯಿತು. ಹೆಸರಿಟ್ಟ ಮನೆಯವರೇ ಗಂಟುಮೂಟೆ ಕಟ್ಟಿದ ಮೇಲೆ ಇನ್ನೇನು ಉಳಿಯಿತು? ವಿಲಿಯಂ ಝೆಕೆಂಡಾರ್ಫ್ ಎಂಬ ದೊಡ್ಡ ಬಿಲ್ಡರ್ ಆ ಜಾಗಕ್ಕೆ ನ್ಯೂಯಾರ್ಕ್ ಷೇರುಪೇಟೆಯನ್ನು ತರಬೇಕು ಅಂತ ಲೆಕ್ಕ ಹಾಕಿದ್ದ. ಆಗಲಿಲ್ಲ. 1964ರಲ್ಲಿ ಅದು ಯು.ಎಸ್. ಸ್ಟೀಲ್ ಕಂಪನಿಯ ಪಾಲಾಯಿತು. ಉಕ್ಕಿನ ಕಂಪನಿಗೆ ಬೇಕಿದ್ದದ್ದು ಜಾಗ ಮಾತ್ರ.

ಹಳೇ ಕಟ್ಟಡಗಳನ್ನು ಉಳಿಸುವ ಕಾನೂನು ಇರಲಿಲ್ವಾ ಅಂತ ನೀವು ಕೇಳಬಹುದು. ಇತ್ತು, ಆದರೆ ಎಳೆಗೂಸು. 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಭವ್ಯ ಕಟ್ಟಡವನ್ನು ಕೆಡವಲು ಶುರು ಮಾಡಿದಾಗ ಊರೆಲ್ಲ ಮರುಗಿತು. ಅದರ ಬಿಸಿಯಲ್ಲೇ 1965ರಲ್ಲಿ ನ್ಯೂಯಾರ್ಕ್ ಒಂದು ಸ್ಮಾರಕ ಆಯೋಗವನ್ನು ಮಾಡಿತು. ಆ ಆಯೋಗ ಸಿಂಗರ್ ಬಿಲ್ಡಿಂಗನ್ನು ಸ್ಮಾರಕ ಅಂತ ಘೋಷಿಸಲೇ ಇಲ್ಲ. ಘೋಷಿಸಿದರೆ ಅದನ್ನು ಕೊಳ್ಳುವವರನ್ನೂ ತಾವೇ ಹುಡುಕಬೇಕು, ಇಲ್ಲವೇ ನಗರವೇ ಕೊಳ್ಳಬೇಕು ಎಂಬುದು ಅವರ ಕಷ್ಟ. ಲಾಭ ತಾರದ ಅಷ್ಟು ದೊಡ್ಡ ಗೋಪುರವನ್ನು ಕೊಳ್ಳುವವರು ಯಾರು? ಅವರನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಒಂದು ಸಲ ಗಟ್ಟಿಯಾಗಿ ಕೂಗಬಹುದಿತ್ತು.

1967ರಲ್ಲಿ ಕೆಡವುವ ಕೆಲಸ ಶುರುವಾಯಿತು. ಸುತ್ತ ಒತ್ತೊತ್ತಾಗಿ ಕಟ್ಟಡಗಳಿದ್ದವು. ಹಾಗಾಗಿ ತುದಿಯಿಂದ ಒಂದೊಂದೇ ಮಹಡಿ ಕಳಚುತ್ತಾ ಇಳಿದರು. ಪಕ್ಕದಲ್ಲೇ ಇದ್ದ ಸಿಟಿ ಇನ್ವೆಸ್ಟಿಂಗ್ ಬಿಲ್ಡಿಂಗ್, ಅದೂ 1908ರದ್ದೇ, ಜೊತೆಗೇ ಹೋಯಿತು. ಫ್ಲ್ಯಾಗ್ ಇದನ್ನು ನೋಡಲು ಇರಲಿಲ್ಲ. 1947ರಲ್ಲೇ ತೀರಿಕೊಂಡಿದ್ದ.

ಅದೇ ಜಾಗದಲ್ಲಿ 1973ರ ಹೊತ್ತಿಗೆ 54 ಮಹಡಿಯ ಕಪ್ಪು ಉಕ್ಕಿನ ಕಟ್ಟಡ ನಿಂತಿತು. ಈಗಿನ ಹೆಸರು ಒನ್ ಲಿಬರ್ಟಿ ಪ್ಲಾಜಾ. ಅದರ ಒಂದು ಮಹಡಿ ಹತ್ತಿರ ಹತ್ತಿರ 370 ಚದರ. ಸಿಂಗರ್ ಗೋಪುರದ 42 ಎಲ್ಲಿ, ಇದರ 370 ಎಲ್ಲಿ. ಕೆಡವಿದ್ದು ಯಾಕೆ ಎಂಬುದಕ್ಕೆ ಒಂದೇ ಸಾಲಿನ ಉತ್ತರ ಬೇಕಾದರೆ ಈ ಎರಡು ಅಂಕಿ ಸಾಕು.

ಒಂದು ಹೊಟ್ಟೆಕಿಚ್ಚಿನ ಮಾತು. ಅದೇ ನ್ಯೂಯಾರ್ಕಿನಲ್ಲಿ ಈಗ ಸಣಕಲು ಗೋಪುರಗಳಿಗೆ ಚಿನ್ನದ ಬೆಲೆ. 2015ರಲ್ಲಿ ಮುಗಿದ 432 ಪಾರ್ಕ್ ಅವೆನ್ಯೂದ ಒಂದು ಬದಿ 93 ಅಡಿ. ಅಲ್ಲಿರುವುದು ಕಚೇರಿಗಳಲ್ಲ, ಶ್ರೀಮಂತರ ಮನೆಗಳು. ಸಿಂಗರ್‌ನ ನೆರೆಯಲ್ಲೇ 1913ರಿಂದ ನಿಂತಿರುವ ವೂಲ್‌ವರ್ತ್ ಬಿಲ್ಡಿಂಗ್‌ನ ಮೇಲಿನ ಮಹಡಿಗಳೂ ಈಗ ಮನೆಗಳಾಗಿವೆ. ಸಿಂಗರ್ ಇನ್ನೊಂದು ನಲವತ್ತು ವರ್ಷ ಹೇಗೋ ತಳ್ಳಿದ್ದರೆ ಅಲ್ಲೂ ಯಾರೋ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದರು, ಅಲ್ವಾ?

ಒಡೆಯರೇ ಬೇಕೆಂದು ಕೆಡವಿದ ಕಟ್ಟಡಗಳಲ್ಲಿ ಅತಿ ಎತ್ತರದ್ದು ಎಂಬ ದಾಖಲೆ ಮಾತ್ರ ಸಿಂಗರ್ ಹೆಸರಿನಲ್ಲಿ ಅರ್ಧ ಶತಮಾನ ಉಳಿದಿತ್ತು. 270 ಪಾರ್ಕ್ ಅವೆನ್ಯೂದಲ್ಲಿದ್ದ 707 ಅಡಿಯ ಕಟ್ಟಡವನ್ನು ಮೊನ್ನೆ ಮೊನ್ನೆ ಕಳಚಿದ ಮೇಲೆ ಅದೂ ಹೋಯಿತು.

ಆ ಕಡೆ ಹೋಗುವವರಿಗೆ ಎರಡು ಗುರುತು. ಒನ್ ಲಿಬರ್ಟಿ ಪ್ಲಾಜಾದ ಎದುರಿಗೇ ಝುಕೋಟಿ ಪಾರ್ಕ್ ಇದೆ, 2011ರಲ್ಲಿ ವಾಲ್ ಸ್ಟ್ರೀಟ್ ವಿರುದ್ಧ ಜನ ಬೀಡುಬಿಟ್ಟಿದ್ದ ಜಾಗ. ಆ ಬಯಲು ಬಂದದ್ದೂ ಈ ಕಟ್ಟಡದಿಂದಲೇ. ಜನರಿಗೆ ಬಯಲು ಬಿಟ್ಟುಕೊಟ್ಟರೆ ಹೆಚ್ಚು ಎತ್ತರ ಕಟ್ಟಬಹುದು ಎಂಬ ಕರಾರಿನ ಮೇಲೆ ಯು.ಎಸ್. ಸ್ಟೀಲ್ ಅದನ್ನು ಬಿಟ್ಟಿತ್ತು. ಪಾರ್ಕಿನಲ್ಲಿ ನಿಂತು ಲಿಬರ್ಟಿ ಸ್ಟ್ರೀಟ್‌ನ ಆಚೆ ಬ್ರಾಡ್‌ವೇ ಮೂಲೆಯನ್ನು ನೋಡಿದರೆ, ಗೋಪುರ ಇದ್ದದ್ದು ಅಲ್ಲೇ. ಇನ್ನೊಂದು, ಅದೇ ಬ್ರಾಡ್‌ವೇಯಲ್ಲಿ ಉತ್ತರಕ್ಕೆ ಸೋಹೋದವರೆಗೆ ನಡೆಯಿರಿ. 561ನೇ ನಂಬರಿನಲ್ಲಿ ಫ್ಲ್ಯಾಗ್ ಸಿಂಗರ್‌ಗೇ ಕಟ್ಟಿಕೊಟ್ಟ 12 ಮಹಡಿಯ ಚಿಕ್ಕ ಕಟ್ಟಡವಿದೆ. ಹಸಿರು ಕಬ್ಬಿಣದ ಬಳ್ಳಿ, ಕೆಂಪು ಜೇಡಿಮಣ್ಣಿನ ಹಲಗೆ, ತುಂಬಾ ಗಾಜು. 1904ರದ್ದು. ಅದಿನ್ನೂ ನಿಂತಿದೆ.